ಸೊಪ್ಪು ಮುಟ್ಟದ ಕೈ

ವೇಮಗಲ್ ಬಸ್ಸಿನಲ್ಲಿ ಮೊನ್ನೆ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹತ್ತಿಸಿದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೀಟಿನ ಅಂಚಿಗೆ ಸರಿದು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನಲವತ್ತು ದಾಟಿದ ಹೆಂಗಸು! ಬೈಯುವವರು ಯಾರೂ ಆ ಬಸ್ಸಿನಲ್ಲಿರಲಿಲ್ಲ.

ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಕಾರ್ಖಾನೆಯ ಕಾಂಪೌಂಡು ಎದ್ದಿದೆ. ಆಗ ಅಲ್ಲಿ ಹಿತ್ತಲಿಗೆ ಅಂಟಿಕೊಂಡ ಹುಳುಮನೆಯಿತ್ತು. ತಟ್ಟೆ ತುಂಬ ರೇಷ್ಮೆಹುಳು, ತೇವದ ಗೋಣಿತಾಟು, ಸುಣ್ಣದ ಘಾಟು. ಹುಳು ಜ್ವರದಿಂದ ಎದ್ದ ದಿನ, ಅಂದರೆ ಪೊರೆ ಬಿಟ್ಟ ದಿನ, ಮೊದಲ ಹಿಡಿ ಸೊಪ್ಪನ್ನು ಕೈಗುಣವಿದ್ದ ಮಗುವಿನಿಂದ ಹಾಕಿಸುವುದು ನಮ್ಮ ಮನೆಯ ಪದ್ಧತಿ. ನನಗೆ ಆರು ವರ್ಷವಿದ್ದಾಗ ಒಮ್ಮೆ ನನ್ನಿಂದ ಹಾಕಿಸಿದರು. ಆ ಸಲ ಸುಣ್ಣಕಟ್ಟು ರೋಗ ಬಂದು ಹುಳುವೆಲ್ಲ ಬಳಪದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಸತ್ತವು. ಮಳೆಯ ಥಂಡಿಗೆ ಊರಲ್ಲಿ ಅರ್ಧ ಮನೆಗಳ ಹುಳು ಹಾಗೇ ಸತ್ತಿದ್ದವು. ಅದನ್ನು ಯಾರು ಕೇಳುತ್ತಾರೆ? ಅಮ್ಮ ಗೌನಿಪಲ್ಲಿಯವಳು, ಸಿಟ್ಟು ಬಂದರೆ ತೆಲುಗೇ. "ಪುಟ್ಟುಕತೋ ವಚ್ಚಿನ ಬುದ್ಧಿ ಪುಡಕಲತೋ ಗಾನಿ ಪೋದು" ಅಂದಳು. ಹುಟ್ಟುಗುಣ ಚಿತೆಯ ಜೊತೆಗೇ ಹೋಗಬೇಕು ಅಂತ. ಆಮೇಲೆ ಕನ್ನಡಕ್ಕೆ ತಿರುಗಿ, "ನಿನ್ ಕೈಯೇ ಅಂಥಾದ್ದು ಕಣೇ. ಇನ್ನು ಈ ಹೊಸ್ಲು ದಾಟ್ಬೇಡ."

ಮುಂದಿನ ಬೆಳೆಗೆ ತಂಗಿ ಪದ್ಮ ಸೊಪ್ಪು ಹಾಕಿದಳು, ಗೂಡು ಚೆನ್ನಾಗಿ ಬಂತು. ಮುಗಿಯಿತು ನನ್ನ ಕಥೆ. ಹುಳುಮನೆಯ ಹೊಸ್ತಿಲು ಬರಬರುತ್ತಾ ಅಡುಗೆಮನೆಗೂ ಬಂತು. ಹಾಲಿಗೆ ಹೆಪ್ಪು ಹಾಕಲು ಪದ್ಮ, ಉಪ್ಪಿನಕಾಯಿ ಜಾಡಿಗೆ ಪದ್ಮ, ಅಮ್ಮನ ತಲೆಗೆ ಎಣ್ಣೆ ಹಚ್ಚಲೂ ಪದ್ಮ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಿಂತೂ ನಿಂತೂ ಯಾವುದಕ್ಕೂ ಕೈ ಚಾಚದ, ಯಾರನ್ನೂ ಮುಟ್ಟಿ ಮಾತಾಡಿಸದ ಹೆಂಗಸಾದೆ. ನೆಂಟರು "ಹುಟ್ಟಾ ಬಿಗುಮಾನ ಇವಳದ್ದು" ಅಂದರು. ಹುಟ್ಟಾ ಅಂತೆ! ಆರು ವರ್ಷದವರೆಗೆ ಅಮ್ಮನ ಸೆರಗು ಬಿಡದೆ ಅಂಟಿಕೊಂಡಿದ್ದ ಹುಡುಗಿ ಎಲ್ಲಿ ಹೋದಳು, ನೀವೇ ಹೇಳಿ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹೋದ ವರ್ಷ ಅಮ್ಮ ಮಾಲೂರಿನ ಪದ್ಮಳ ಮನೆಯಲ್ಲಿ ಹಾಸಿಗೆ ಹಿಡಿದಳು. ನೋಡಲು ಹೋಗಿದ್ದೆ. ಪದ್ಮ ಅಂಗಡಿಗೆ ಹೋಗಿದ್ದಾಗ, "ಬಾಯಿ ಒಣಗ್ತೈತೆ, ಒಂದು ಗುಟುಕು ನೀರು ಬಿಡೇ" ಅಂದಳು. ಲೋಟ ತುಂಬಿಸಿ ಕೋಣೆಯ ಬಾಗಿಲವರೆಗೆ ತಂದೆ. ಕಾಲು ಅಲ್ಲೇ ನಿಂತುಬಿಟ್ಟಿತು. "ತಾಳಮ್ಮ, ಪದ್ಮ ಈಗ ಬಂದ್ಬಿಡ್ತಾಳೆ" ಅಂದೆ.

ಅಮ್ಮ ನನ್ನನ್ನೇ ನೋಡಿದಳು. ಅವಳಿಗೆ ಹುಳುಮನೆಯೂ ನೆನಪಿರಲಿಲ್ಲ, ಹೊಸ್ತಿಲೂ ನೆನಪಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನನ್ನ ಬಗ್ಗೆ ಅವಳು ಕೊನೆಯದಾಗಿ ಆಡಿದ್ದು ಇಷ್ಟೇ:

"ಹುಟ್ಟಿದಾಗ್ಲಿಂದ್ಲೂ ಇವಳು ಹಿಂಗೇ."