ಒಂದೇ ಕೈಯ ಮೂವತ್ತಾರು ಜಿಂಕೆಗಳು

ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ ನೆಲೆಸಿರುವ ನಿವೃತ್ತ ಸುಬೇದಾರ್ ಮಾಚಯ್ಯನವರ ಮಗಳು ಪೂವಮ್ಮನ ಬಿ.ಎಡ್. ಮುಗಿಯಲು ಒಂದು ಪಾಠ ಬಾಕಿ ಇತ್ತು. ಅದನ್ನು ನೋಡಲು ಶುಕ್ರವಾರ ಪರೀಕ್ಷಕ ಗೋಪಿನಾಥ ಅವಳು ಕಲಿಸುತ್ತಿದ್ದ ಶಾಲೆಗೆ ಬರುವವರಿದ್ದರು. ಫೇಲಾದರೆ ಮುಂದಿನ ವರ್ಷ ಹದಿನಾರು ವಾರಗಳ ತರಬೇತಿ ಮೊದಲಿನಿಂದ.

ವಿಷಯ ಆದಿವಾಸಿ ಕಲೆ. ಪೂವಮ್ಮ ಮತ್ತು ಅವಳ ಜೊತೆಯ ತರಬೇತಿ ಶಿಕ್ಷಕಿ ಸಿಂಧೂರ ಏಳನೇ ತರಗತಿಯ ಮೂವತ್ತಾರು ಮಕ್ಕಳಿಗೆ ಕಾರಿಡಾರಿನ ಗೋಡೆ ಕೊಟ್ಟರು: ಗೊಂಡ್ ಶೈಲಿಯಲ್ಲಿ ತಲೆಗೊಂದು ಜಿಂಕೆ. ಜಿಂಕೆಯ ಮೈ ತುಂಬಲು ಪೂವಮ್ಮ ಬೋರ್ಡಿನ ಮೇಲೆ ಅರ್ಧಚಂದ್ರದ ಸಣ್ಣ ಗೆರೆಗಳನ್ನು ಬರೆದು ತೋರಿಸಿದಳು. ಕರಕುಶಲ ಮೇಳದ ಮಳಿಗೆಯೊಂದರಲ್ಲಿ ನೋಡಿದ ಗೆರೆ ಅದು. ಬುಧವಾರ ಗೋಡೆ ಮುಗಿಯಿತು, ಅಚ್ಚುಕಟ್ಟಾಗಿ.

ಗುರುವಾರ ಆ ಮಳಿಗೆಯ ಚಿತ್ರಗಾರ್ತಿ ಫೂಲ್‌ವತೀ ಬಾಯಿ ಬಂದರು. ಮಕ್ಕಳೊಡನೆ ಮಾತಾಡಲೆಂದು ಪೂವಮ್ಮನೇ ಕರೆದಿದ್ದಳು. ಅವರು ಗೋಡೆಯ ಕೊನೆಯವರೆಗೆ ನಡೆದು ಹಿಂತಿರುಗಿದರು.

“ಇದು ನನ್ನ ಜಿಂಕೆ. ಇದೂ ನನ್ನದು. ಅದೂ,” ಎಂದರು ಹಿಂದಿಯಲ್ಲಿ. “ನನಗೆ ಇಷ್ಟೊಂದು ಮಕ್ಕಳು ಯಾವಾಗ ಹುಟ್ಟಿದವು, ಬೇಟಿ?”

ಮಕ್ಕಳು ನಕ್ಕರು. ಫೂಲ್‌ವತೀ ವಿವರಿಸಿದರು: ಮೈ ತುಂಬುವ ಗೆರೆ ಚಿತ್ರಗಾರರಲ್ಲಿ ಒಬ್ಬೊಬ್ಬರದು ಒಂದೊಂದು, ಅದೇ ಅವರ ಸಹಿ. ಅರ್ಧಚಂದ್ರವನ್ನು ಅವರು ಕುಡುಗೋಲು ನೋಡಿ ಕಂಡುಕೊಂಡದ್ದು. ಅವರ ಮಗಳೂ ಅದನ್ನು ಮುಟ್ಟಿಲ್ಲ. ಅವಳದು ಭತ್ತದ ಕಾಳು.

“ಸುಮ್ನಿರು ಪೂವಿ,” ಎಂದಳು ಸಿಂಧೂರ ಕನ್ನಡದಲ್ಲಿ. “ಗೋಪಿನಾಥ್ ಸರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ? ನಾಳೆ ಒಂದು ಮುಗೀಲಿ.”

“ಸರ್‌ಗೆ ಗೊತ್ತಾಗಲ್ಲ. ಈ ಮೂವತ್ತಾರು ಜನಕ್ಕೆ ಗೊತ್ತಾಯ್ತಲ್ಲ.”

ಮಧ್ಯಾಹ್ನ ಇಬ್ಬರೂ ಕುಳಿತು ಜಿಂಕೆಗಳ ಮೈಗೆ ಬಿಳಿ ಬಳಿದರು. ಹೊರಗೆರೆ ಮಾತ್ರ ಉಳಿಯಿತು.

ಶುಕ್ರವಾರ ಪರೀಕ್ಷಕ ಗೋಪಿನಾಥ ಬಂದಾಗ ಮಕ್ಕಳು ಪರೀಕ್ಷೆಯಲ್ಲಿ ಕುಳಿತವರಂತೆ ತಂತಮ್ಮ ಜಿಂಕೆಯನ್ನು ಒಂದು ಕೈಯಿಂದ ಮರೆಮಾಡಿಕೊಂಡು, ತಾವೇ ಹುಡುಕಿಕೊಂಡ ಗೆರೆಯಿಂದ ಅದರ ಮೈ ತುಂಬುತ್ತಿದ್ದರು. ಒಬ್ಬಳು ಏರ್ ಕೂಲರಿನ ಪಕ್ಕೆಗೆ ತುಂಬುವ ಹುಲ್ಲು ಬರೆಯುತ್ತಿದ್ದಳು, ವರುಣ್ ಎಂಬವನು ಕಿಟಕಿಯ ಜಾಲರಿ.

“ಮೇಡಂ, ಇವನು ನನ್ನ ಹುಲ್ಲು ಕಾಪಿ ಮಾಡ್ತಿದ್ದಾನೆ!” ಎಂದು ಹುಲ್ಲಿನ ಹುಡುಗಿ ಇನ್ನೊಂದು ಪಕ್ಕದವನನ್ನು ತೋರಿಸಿ ಕೂಗಿದಳು.

“ಪಾಠ ಯೋಜನೆಯಲ್ಲಿ ಗೋಡೆ ಪೂರ್ಣ ಅಂತಿದೆಯಲ್ಲಮ್ಮ?” ಎಂದರು ಗೋಪಿನಾಥ.

“ಬುಧವಾರ ಪೂರ್ಣವಾಗಿತ್ತು ಸರ್. ಬೇರೆಯವರ ಗೆರೆ ಕಲಿಸಿಬಿಟ್ಟಿದ್ದೆ. ನಿನ್ನೆ ಅಳಿಸಿದ್ವಿ.”

ಅವರು ಪೂರ್ತಿ ಕೇಳಿಸಿಕೊಂಡರು. ‘ಕೆಲಸ ಅಪೂರ್ಣ’ ಎಂದು ಬರೆದು ಕನಿಷ್ಠ ಅಂಕ ಕೊಟ್ಟು ಪಾಸು ಮಾಡಿದರು.

ತರಬೇತಿಯ ಕೊನೆಯ ದಿನವೂ ಒಂಬತ್ತು ಜಿಂಕೆಗಳ ಮೈ ಬೋಳಾಗಿಯೇ ಇತ್ತು. ಏನು ಬರೆಯಲಿ ಎಂದು ಆ ಮಕ್ಕಳು ಬಂದು ಕೇಳಿದರು. ಪೂವಮ್ಮ ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ.