ಎಂಟನೆಯ ಕ್ಯಾಮೆರಾ

ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. ಗೋಡೆಯೊಳಗೆ ಒಂದು ಪೈಪು ಖಾಲಿ ಉಳಿದರೆ ಅದರಲ್ಲೊಂದು ತಂತಿ ಎಳೆಯಬೇಕು, ಪೆಟ್ಟಿಗೆಯಲ್ಲಿ ಒಂದು ತೂತು ಉಳಿದರೆ ಅದಕ್ಕೇನಾದರೂ ಸಿಕ್ಕಿಸಬೇಕು. ಕಸುಬಿನವರಿಗೆ ಇದು ಒಳ್ಳೆಯ ಗುಣ ಎಂದು ಎಷ್ಟೋ ವರ್ಷ ನಂಬಿದ್ದೆ. ಈ ಚಟಕ್ಕೆ ಬಿದ್ದೇ ಒಬ್ಬ ಹೆಂಗಸಿನ ಮಾನ ಕಳೆದೆ. ಯಾರ ಮುಂದೆಯೂ ಪೂರ್ತಿ ಹೇಳಿಲ್ಲ, ಹೇಳಲು ನಾಚಿಕೆ.

ನಾನು ಬೆಳೆದದ್ದು ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ವೈರ್‌ಮನ್. ಅವರು ಜೀವನವಿಡೀ ಗೋಡೆಗೆ ಸ್ವಿಚ್ಚು ಕೂರಿಸಿದರು, ನಾನು ಈಗ ಹೊಸಪೇಟೆಯಲ್ಲಿ ಆಫೀಸು ಇಟ್ಟುಕೊಂಡು ಅದೇ ಸ್ವಿಚ್ಚುಗಳನ್ನು ಕಿತ್ತು ಹಾಕುತ್ತೇನೆ. ಬಂಗಲೆ ಕಟ್ಟಿಸುವವರು ಗೋಡೆಗೆ ಸಿಮೆಂಟು ಬಳಿಯುವ ಮುಂಚೆ ನಕ್ಷೆ ಹಿಡಿದು ನನ್ನ ಹತ್ತಿರ ಬರುತ್ತಾರೆ. ಪರದೆ ತಾನೇ ಸರಿಯಬೇಕು, ದೀಪ ತಾನೇ ಹತ್ತಬೇಕು, ಬೀಗ ಮುಖ ನೋಡಿ ತೆರೆಯಬೇಕು. ಯಾವುದು ಬೇಕು, ಯಾವುದು ಬರಿ ಆಡಂಬರ ಎಂದು ಆರಿಸಿ ಕೊಡುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ ಆಡಂಬರವನ್ನೇ ಹೆಚ್ಚು ಆರಿಸಿ ಕೊಟ್ಟಿದ್ದೇನೆ.

ಆ ಮನೆ ಸಂಡೂರಿನಲ್ಲಿ, ಊರಿಂದ ಸ್ವಲ್ಪ ಹೊರಗೆ. ಯಜಮಾನರದು ಅದಿರಿನ ಲಾರಿಗಳ ವ್ಯವಹಾರ. ಊರವರೆಲ್ಲ ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮೊದಲ ದಿನ ಅವರು, ಅವರ ಹೆಂಡತಿ, ಅವರ ತಾಯಿ ಮೂವರೂ ಸಿಮೆಂಟು ಚೀಲಗಳ ಮೇಲೆ ಕುಳಿತಿದ್ದರು, ನಾನು ನೆಲದ ಮೇಲೆ ನಕ್ಷೆ ಹರಡಿದ್ದೆ. ತಂತಿಯಿಲ್ಲದ ವ್ಯವಸ್ಥೆ ಹಗುರ, ಬೇಗ ಮುಗಿಯುತ್ತದೆ, ಆದರೆ ಅಷ್ಟು ದಪ್ಪ ಕಲ್ಲಿನ ಗೋಡೆ ದಾಟುವಾಗ ಸೋಲುತ್ತದೆ, ಆದ್ದರಿಂದ ತಂತಿಯದೇ ಇರಲಿ ಎಂದೆ. ಹೊರಗಿಡುವ ಸೆನ್ಸರುಗಳ ಮೇಲೆ ವಾರದೊಳಗೆ ಕೆಂಪು ಧೂಳು ಕೂತುಬಿಡುತ್ತದೆ, ಬಾಯಿ ಮುಚ್ಚಿದಂಥವನ್ನೇ ತರೋಣ ಎಂದೆ.

"ಗ್ವಾಡಿ ಮ್ಯಾಲ ಒಂದ್ ಸ್ವಿಚ್ಚೂ ಕಾಣಬಾರ್ದು ನೋಡ್ರಿ" ಎಂದರು ಸಾವ್ಕಾರ್ರು.

ಅವರ ತಾಯಿಯನ್ನು ಮನೆಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ಆಕೆ ಕೇಳಿದ್ದು ಒಂದೇ. "ದೀಪ ಹಚ್ಚೋ ಹೊತ್ತಿಗೆ ಮುಂಬಾಗ್ಲ ತೆರೆದಿರಬೇಕಪ, ಹಿತ್ತಲ ಬಾಗ್ಲ ಹಾಕಿರಬೇಕು. ಲಕ್ಷ್ಮಿ ಬರೋ ಹೊತ್ತದು. ನಿನ್ ಮಷಿನ್ನಿಗೆ ಅದು ತಿಳಿತೈತೇನು?"

ತಿಳಿಸಿದೆ. ಸೂರ್ಯ ಮುಳುಗುವ ಹೊತ್ತಿಗೆ ಹಿತ್ತಲ ಬಾಗಿಲು ತಾನೇ ಮುಚ್ಚಿ, ಮುಂಬಾಗಿಲು ತಾನೇ ತೆರೆದು, ದೇವರ ಮನೆಯ ದೀಪ ಹತ್ತುವಂತೆ ಮಾಡಿದೆ. ಈ ಒಂದು ಕೆಲಸದ ಬಗ್ಗೆ ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಯಾರು ಎಷ್ಟು ಗಂಟೆಗೆ ಏಳುತ್ತಾರೆ, ಯಾರಿಗೆ ಯಾವ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಪೂಜೆ ಯಾವಾಗ, ಊಟ ಯಾವಾಗ, ಎಲ್ಲ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಅಡುಗೆ ಮನೆಯ ಸಾಲಿನಲ್ಲಿ ಚಿಮಣಿ, ಫ್ರಿಜ್ಜು, ಓವನ್ನು ಎಂದು ಬರೆದೆ. ಅಲ್ಲಿ ದಿನವಿಡೀ ನಿಲ್ಲುವವರು ಯಾರು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ.

ಅಲ್ಲಿ ನಿಲ್ಲುವಾಕೆ ಕಂಪ್ಲಿಯ ಕಡೆಯ ಹೆಂಗಸು. ಹಳೆಯ ಮನೆಯಲ್ಲೇ ಹತ್ತು ವರ್ಷದಿಂದ ಅಡುಗೆ ಮಾಡಿಕೊಂಡಿದ್ದಳು. ಹೊಸ ಅಡುಗೆ ಮನೆ ಸಿದ್ಧವಾಗುವ ತನಕ ಹಿಂದಿನ ಶೆಡ್ಡಿನಲ್ಲಿ ಒಲೆ ಹೂಡಿ, ಮನೆಯವರಿಗೂ ನಮಗೂ ರೊಟ್ಟಿ ಬಡಿಯುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಒಂದು ದಿನ ಚಹಾ ಕೊಟ್ಟಳು, ಸಪ್ಪೆ. ಕೇಳಿದೆ.

"ನನ್ ಲೋಟ ನಿಮಗ ಬಂತು, ಕೊಡ್ರಿ ಇತ್ಲಾಗ" ಎಂದು ನಕ್ಕಳು. "ನನಗ ಸಕ್ರಿ ಬ್ಯಾನಿ ಐತ್ರಿ ಸರ. ಮುಂಜಾನೆ ಗುಳಿಗಿ ತಗೊಂಡ ಮ್ಯಾಲ ಹೊತ್ತಿಗೆ ಸರಿಯಾಗಿ ತಿನ್ಲಿಲ್ಲಂದ್ರ ಕೈ ನಡುಗ್ತಾವ, ಕಣ್ಣಿಗೆ ಕತ್ತಲಿ ಬರ್ತೈತಿ."

ನಮ್ಮವ್ವನಿಗೂ ಅದೇ ಇದೆ ಎಂದೆ. ಅವ್ವನ ಊಟದ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳುವಂತೆ ಇಟ್ಟಿದ್ದೇನೆ ಎಂದೂ ಹೇಳಿದೆ. ಆ ಮೇಲೆ ನಾನು ಹೋದಾಗಲೆಲ್ಲ ಆಕೆಯ ಮೊದಲ ಮಾತು "ಅವ್ವ ಹೆಂಗದಾರ್ರಿ?" ಎಂಬುದೇ ಆಯಿತು.

ಇನ್ನು ಕ್ಯಾಮೆರಾ. ಚಿತ್ರ ಉಳಿಸಿಡುವ ಪೆಟ್ಟಿಗೆಗೆ ಎಂಟು ತೂತು. ಗೇಟಿಗೊಂದು, ಕಾಂಪೌಂಡಿನ ನಾಲ್ಕು ಮೂಲೆಗೆ ನಾಲ್ಕು, ಮುಂಬಾಗಿಲಿಗೊಂದು, ಹಿತ್ತಿಲಿಗೊಂದು, ಒಟ್ಟು ಏಳು. ಸಾವ್ಕಾರ್ರು ಇದಕ್ಕಿಂತ ಹೆಚ್ಚು ಕೇಳಿರಲಿಲ್ಲ. ಎಂಟನೆಯ ತೂತು ಖಾಲಿ ಇತ್ತು. ನನ್ನ ಕೈ ತುರಿಸಿತು. ಅಡುಗೆ ಮನೆಗೂ ಒಂದಿರಲಿ, ಗ್ಯಾಸು ಗೀಸು ಇರುತ್ತದೆ ಎಂದು ನಾನಾಗಿಯೇ ಹೇಳಿದೆ. "ಇರ್ಲಿ ಬಿಡ್ರಿ" ಎಂದು ಅವರು ಫೋನಿನಲ್ಲೇ ಒಪ್ಪಿದರು.

ನಾನು ಏಣಿ ಹತ್ತಿ ಅದನ್ನು ಮೂಲೆಯಲ್ಲಿ ಕೂರಿಸುವಾಗ ಅಕ್ಕ ಹೊಸ ಅಡುಗೆ ಮನೆಯಲ್ಲಿ ಡಬ್ಬಿ ಜೋಡಿಸುತ್ತಿದ್ದಳು. ತಲೆಯೆತ್ತಿ ನೋಡಿ ಕೇಳಿದಳು, "ಏನ್ರೀ ಸರ ಅದು?"

ನಿಜ ಹೇಳಬಹುದಿತ್ತು. ಆದರೆ ಹಿಂದೆ ಒಂದು ಮನೆಯಲ್ಲಿ ಹೀಗೇ ಹೇಳಿದ್ದಕ್ಕೆ ಅಡುಗೆಯವಳು ಮಾರನೇ ದಿನವೇ ಕೆಲಸ ಬಿಟ್ಟಿದ್ದಳು, ಮನೆಯವರು ನನ್ನ ಮೇಲೆ ಹರಿಹಾಯ್ದಿದ್ದರು. ಯಾಕೆ ಬೇಕು ಆ ರಗಳೆ ಎನಿಸಿತು. ಏಣಿಯ ಮೇಲಿಂದಲೇ ಹೇಳಿದೆ, "ಹೊಗಿ ನೋಡೋದು ಅಕ್ಕಾ. ಬೆಂಕಿ ಗಿಂಕಿ ಬಿದ್ರ ಕೂಗ್ತೈತಿ."

"ಛಲೋ ಆತು ಬಿಡ್ರಿ" ಎಂದಳು. ಅಡುಗೆ ಅಲ್ಲಿಗೆ ಬಂದ ಮೇಲೆ ಒಗ್ಗರಣೆ ಹಾಕುವಾಗೆಲ್ಲ ಮೇಲೆ ನೋಡಿ "ಈಗ ಸ್ವಲ್ಪ ಹೊಗಿ ಆಕ್ಕೈತಿ, ಕೂಗಬ್ಯಾಡಪ" ಎಂದು ಅದಕ್ಕೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಆ ನಗೆ ನೆನಪಾದರೆ ಈಗ ಒಬ್ಬನೇ ಇದ್ದರೂ ಮುಖ ಬಿಸಿಯಾಗುತ್ತದೆ.

ಗೃಹಪ್ರವೇಶದ ದಿನ ನಾನೂ ಹೊಸ ಅಂಗಿ ಹಾಕಿಕೊಂಡು ಹೋದೆ. ಪೂಜೆ ಮುಗಿದಿತ್ತು. ಹೋಳಿಗೆ, ಕಟ್ಟಿನ ಸಾರು, ಪಲ್ಯ, ಎಲ್ಲ ಅಕ್ಕನ ಕೈಯವೇ. ಆದರೆ ಎಡೆ ಹಿಡಿದಿರಲಿಲ್ಲ. ಆ ಮನೆಯಲ್ಲಿ ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡುವಂತೆಯೂ ಇಲ್ಲ. ಬಳ್ಳಾರಿಯಿಂದ ಬರಬೇಕಾದ ಒಬ್ಬ ದೊಡ್ಡ ಮನುಷ್ಯರಿಗಾಗಿ ಸಾವ್ಕಾರ್ರು ಕಾಯುತ್ತಿದ್ದರು, ಅವರ ಎದುರಿಗೇ ಎಡೆ ಹಿಡಿಯಬೇಕು ಎಂದು ಹಟ. ಒಂದು ಗಂಟೆಯಾಯಿತು. ಎರಡಾಯಿತು. ಜನ ಗೊಣಗತೊಡಗಿದರು.

"ಸುಮ್ನ ಕುಂತ್ರ ಬ್ಯಾಸ್ರ. ನಿಮ್ ಆಟ ತೋರಸ್ರಿ ಎಲ್ಲಾರಿಗೂ" ಎಂದರು ಸಾವ್ಕಾರ್ರು ನನಗೆ.

ಇದಕ್ಕೇ ಕಾಯುತ್ತಿದ್ದೆನೋ ಎಂಬಂತೆ ಎದ್ದೆ. ಸಿನಿಮಾ ನೋಡಲೆಂದು ಮಾಡಿಸಿದ ದೊಡ್ಡ ಕೋಣೆಯಲ್ಲಿ ಮೂವತ್ತು ಜನ ಕೂತರು, ಎದುರಿನ ಗೋಡೆಯಿಡೀ ಪರದೆ. ದೀಪ ಆರಿಸಿದೆ, ಹತ್ತಿಸಿದೆ, ಬಣ್ಣ ಬದಲಿಸಿದೆ. ಹೊಸಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ನನ್ನ ಕಾರ್ಡು ಕೇಳಿದರು. ಹುರುಪು ಹೆಚ್ಚಾಯಿತು. ಕ್ಯಾಮೆರಾಗಳನ್ನು ಒಂದೊಂದಾಗಿ ತೋರಿಸಿದೆ. ಗೇಟು, ಮೂಲೆಗಳು, ಬಾಗಿಲುಗಳು, ಕೊನೆಗೆ ಎಂಟನೆಯದು. ಅಡುಗೆ ಮನೆ ಗೋಡೆಯ ತುಂಬ ಬಂತು.

"ಎಷ್ಟು ಕ್ಲಿಯರ್ ಅಂದ್ರ, ಆ ಎಣ್ಣಿ ಡಬ್ಬಿ ಮ್ಯಾಲಿನ ಅಕ್ಷರ ಓದಬಹುದು ನೋಡ್ರಿ" ಎಂದು ದೊಡ್ಡದು ಮಾಡಿದೆ.

ನಾನು ನೋಡುತ್ತಿದ್ದದ್ದು ಡಬ್ಬಿಯನ್ನು. ಉಳಿದವರು ನೋಡಿದ್ದು ಡಬ್ಬಿಯ ಪಕ್ಕ ಗೋಡೆಗೆ ಆತು ನಿಂತ ಅಕ್ಕನನ್ನು. ಆಕೆಯ ಒಂದು ಕೈ ಕಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಕೈಯಲ್ಲಿ ಅರ್ಧ ಹೋಳಿಗೆ ಇತ್ತು, ಅದು ನಡುಗುತ್ತಿತ್ತು. ಅವಸರವಾಗಿ ಅಗಿಯುತ್ತಿದ್ದಳು. ಅಗಿಯುವ ಆ ಬಾಯಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ ಮೂವತ್ತು ಜನರಿಗೆ ತೋರಿಸಿದವನು ನಾನು.

ದೊಡ್ಡವ್ವ ಎದ್ದು ಬಾಗಿಲ ಹತ್ತಿರ ನಿಂತಳು. ಹಿಂದಿನಿಂದ ಯಾರೋ ಕೇಳಿದರು, "ಕ್ಯಾಮೆರಾ ಇರೋದು ಆಕಿಗೆ ಗೊತ್ತಿಲ್ಲೇನು?"

ಸಾವ್ಕಾರ್ರು ನನ್ನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಹೇಳಬೇಕಾದ ಮಾತು ಎರಡೇ ಇದ್ದವು: ಆಕೆಗೆ ಸಕ್ಕರೆ ಕಾಯಿಲೆ, ನಾನು ಆಕೆಗೆ ಸುಳ್ಳು ಹೇಳಿದ್ದೆ. ಕಾರ್ಡು ಕೇಳಿದವರು ಎದುರಿಗೇ ಕೂತಿದ್ದರು. "ಗೊತ್ತೈತ್ರಿ. ಹಾಕೋವಾಗ್ಲೇ ಹೇಳಿದ್ದೆ" ಎಂದೆ.

ಪರದೆಯನ್ನು ಆರಿಸಲು ಬೆರಳು ಓಡಲಿಲ್ಲ. ದೊಡ್ಡವ್ವ ಅಡುಗೆ ಮನೆಗೆ ಬಂದದ್ದು ಕಂಡಿತು. ದನಿ ಕೇಳುತ್ತಿರಲಿಲ್ಲ. ಆಕೆ ಕೈಯೆತ್ತಿ ಮೂಲೆಯನ್ನು ತೋರಿಸಿದಳು. ಅಕ್ಕ ಮೇಲೆ ನೋಡಿದಳು. ಒಗ್ಗರಣೆ ಹಾಕುವಾಗ ನೋಡುತ್ತಿದ್ದಳಲ್ಲ, ಅದೇ ಕಡೆ. ನೇರವಾಗಿ ನನ್ನ ಮುಖಕ್ಕೇ ನೋಡಿದ ಹಾಗಿತ್ತು.

ಅಡುಗೆಯನ್ನೆಲ್ಲ ತೆಗೆದು, ಪಾತ್ರೆ ತೊಳೆದು, ಮನೆಯ ಹೆಂಗಸರು ಮತ್ತೆ ಬೇಳೆ ಬೇಯಲು ಇಟ್ಟರು. ನಾನು ಯಂತ್ರ ನೋಡುವ ನೆಪ ಮಾಡಿಕೊಂಡು ಟ್ಯಾಬಿನ ಮುಂದೆ ಕೂತಿದ್ದೆ. ಮೊದಲನೆಯ ಕ್ಯಾಮೆರಾದಲ್ಲಿ ಅಕ್ಕ ಬಟ್ಟೆಯ ಚೀಲ ಹಿಡಿದು ಗೇಟಿನ ಹತ್ತಿರ ಬಂದಳು. ಹೊರಗೆ ಹೋಗುವವರು ಯಾರೇ ಬಂದರೂ ಗೇಟು ತಾನೇ ತೆರೆಯಬೇಕು ಎಂದು ನಾನೇ ಇಟ್ಟಿದ್ದೆ. ತೆರೆಯಿತು. ಆಕೆ ದಾಟಿದ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು. ದೊಡ್ಡ ಮನುಷ್ಯರು ನಾಲ್ಕಕ್ಕೆ ಬಂದರು, ಎಡೆ ಹಿಡಿದರು, ಎಲ್ಲರೂ ಉಂಡರು. ನಾನೂ ಉಂಡೆ, ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡೆ.

ಹದಿನೈದು ದಿನ ಕಳೆದವು. ಒಂದು ಮಧ್ಯಾಹ್ನ ಅವ್ವ ಉಣ್ಣುತ್ತಿದ್ದಾಗ, "ಸಂಡೂರಿನ ಆ ಅಡಿಗಿಯಾಕಿ ನನ್ನ ಕೇಳ್ತಿದ್ಲಲ್ಲ, ಹೆಂಗದಾಳ?" ಎಂದಳು. ಆಗ ಹೇಳಿಕೊಂಡೆ, ಎರಡನೆಯ ಸುಳ್ಳೊಂದನ್ನು ಬಿಟ್ಟು. ಅವ್ವ ಬೈಯಲಿಲ್ಲ. "ಸಕ್ರಿ ಇಳಿದಾಗ ನಾ ದೇವ್ರ ಮುಂದಿನ ಬೆಲ್ಲ ತಿಂದೀನಿ. ನೀನು ನೋಡೀದಿ" ಎಂದಳು. ಹೌದು, ನೋಡಿದ್ದೆ, ನಾನೇ ತಂದು ಬಾಯಿಗೆ ಹಾಕಿದ್ದೆ. ಮಾರನೇ ದಿನ ಕಂಪ್ಲಿಯ ಬಸ್ಸು ಹತ್ತಿದೆ.

ಅಕ್ಕ ತಂಗಿಯ ಮನೆಯಲ್ಲಿದ್ದಳು. ಕಾಲುವೆಯ ಪಕ್ಕ, ತಗಡಿನ ಮನೆ. ತಂಗಿ ನಾಟಿಗೆ ಹೋಗಿದ್ದಳು, ಅಕ್ಕ ಒಂದು ಖಾನಾವಳಿಗೆ ಕೊಡಲು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. "ಕುಂದ್ರಿ ಸರ. ಅವ್ವ ಹೆಂಗದಾರ್ರಿ?" ಎಂದಳು.

ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಅಷ್ಟಕ್ಕೇ ಮುಗಿದು ಹೋಯಿತು. ಆಕೆ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು.

"ನಾ ಕೇಳಿದ್ದೆ ಅಲ್ರೀ? ಕ್ಯಾಮೆರಾ ಅಂದಿದ್ರ ಹಿಂದಿನ ಶೆಡ್ಡಿನಾಗ ಹೋಗಿ ಸಂಕಟಕ್ಕ ಒಂದ್ ಚೂರ್ ಬೆಲ್ಲ ತಿಂದ್ ಬರ್ತಿದ್ದೆ. ಅಷ್ಟ ಮಾತು" ಎಂದಳು. ರೊಟ್ಟಿ ತಿರುವಿ ಹಾಕಿದಳು. "ದೊಡ್ಡವ್ವ ಬಂದು ನನಗ, ‘ಗೊತ್ತಿದ್ದೂ ತಿಂದ್ಯಲ್ಲ, ಎಷ್ಟ್ ಸೊಕ್ಕು ನಿನಗ’ ಅಂದ್ಲು. ಗೊತ್ತಿಲ್ರೀ ಅಂದೆ. ಸರ ಹೇಳ್ಯಾರಂತಲ್ಲ ಅಂದ್ಲು. ಎಡಿ ಕೆಡಿಸಿದಾಕಿ ಮಾತು ಯಾರ್ ಕೇಳ್ತಾರ? ಸುಮ್ನಾದೆ."

ನನ್ನ ಎರಡನೆಯ ಸುಳ್ಳು ನನಗಿಂತ ಮೊದಲೇ ಅಲ್ಲಿಗೆ ಬಂದು ಕೂತಿತ್ತು. ನೆಲ ಬಾಯಿ ಬಿಡಬಾರದೇ ಎನಿಸಿತು. ಸಾವ್ಕಾರ್ರ ಮನೆಯವರಿಗೆ ನಿಜ ಹೇಳುತ್ತೇನೆ ಎಂದೆ.

"ಹೇಳೋದಿದ್ರ ಈಗ ಹೇಳ್ರಿ, ನನ್ ಮುಂದ."

ಅಲ್ಲಿಂದಲೇ ಸಾವ್ಕಾರ್ರಿಗೆ ಫೋನು ಮಾಡಿದೆ, ದೊಡ್ಡವ್ವನ ಕೈಗೇ ಕೊಡಿಸಿದೆ, ಅಕ್ಕನಿಗೂ ಕೇಳುವಂತೆ ಇಟ್ಟೆ. ಹೊಗೆಯ ಮಾತು, ಗುಳಿಗೆಯ ಮಾತು, ಎಲ್ಲರ ಮುಂದೆ ಆಡಿದ ಸುಳ್ಳು, ಮೂರನ್ನೂ ಹೇಳಿದೆ. ದೊಡ್ಡವ್ವ, "ಆಕಿ ಅಲ್ಲೇ ಅದಾಳೇನು? ಕೊಡು" ಎಂದಳು. ನಾನು ಫೋನು ಚಾಚಿದೆ. ಅಕ್ಕ ಹಿಟ್ಟಿನ ಕೈ ಅಲ್ಲಾಡಿಸಿ ಬ್ಯಾಡ ಎಂದಳು. ಆ ಮೇಲೆ ಸಾವ್ಕಾರ್ರ ಮನೆಯಿಂದ ನನಗೂ ಕರೆ ಬಂದಿಲ್ಲ.

ಊಟದ ಹೊತ್ತಾಗಿತ್ತು. ಎರಡು ತಟ್ಟೆ ಇಟ್ಟಳು, ಬಿಸಿ ರೊಟ್ಟಿ, ಮೆಣಸಿನಕಾಯಿ ಹಿಂಡಿ, ಮೊಸರು. "ಉಣ್ರಿ, ತಮ್ಮಾ" ಎಂದಳು. ಹಿಂದೆ ಯಾವತ್ತೂ ತಮ್ಮ ಎಂದಿರಲಿಲ್ಲ. ಆಕೆ ತನ್ನ ತಟ್ಟೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಸೆರಗನ್ನು ತಲೆಯ ಮೇಲೆಳೆದುಕೊಂಡಳು. ತುತ್ತು ಬಾಯಿಗಿಡುವ ಮುಂಚೆ ತಲೆಯೆತ್ತಿ ತಗಡಿನ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ನೋಡಿದಳು.