ಬೆಲ್ಲದ ಸೋಡಿಯಂ

ಮಹಾಲಿಂಗಪುರದ ಬೆಲ್ಲದಂಗಡಿಯ ಮಾಳಿಗೆಯಲ್ಲಿ ನಮ್ಮ ರಸಾಯನಶಾಸ್ತ್ರದ ಮಾಸ್ತರರು ಟ್ಯೂಷನ್ ಹೇಳುತ್ತಿದ್ದರು. ನಮ್ಮ ಉತ್ತರ ಕೇಳಿದಾಗಲೆಲ್ಲ ಖಡು ಹಿಡಿದ ಕೈಯಿಂದಲೇ ಹಣೆ ಬಡಿದುಕೊಳ್ಳುವರು. ಪಾಠ ಮುಗಿಯುವಷ್ಟರಲ್ಲಿ ಹಣೆಯ ತುಂಬ ಸೀಮೆಸುಣ್ಣದ ಪುಡಿಯ ವಿಭೂತಿ. ಅವರು ಹೋದ ಮೇಲೆ ನಾನೂ ಹಾಗೇ ಬಡಿದುಕೊಂಡು ಎಲ್ಲರನ್ನೂ ನಗಿಸುತ್ತಿದ್ದೆ. ನನಗೆ ನಕಲು ಬರುತ್ತಿತ್ತು, ರಸಾಯನಶಾಸ್ತ್ರ ಬರುತ್ತಿರಲಿಲ್ಲ. ಒಮ್ಮೆ ನಪಾಸಾಗಿ ಮರುಪರೀಕ್ಷೆಗೆ ಓದುತ್ತಿದ್ದೆ.

“ಎಲೆಕ್ಟ್ರಾನ್ ಕಳಕೊಂಡ ಮ್ಯಾಲ ಲೋಹ ಮೈನಸ್ ಆಗಬೇಕಲ್ರಿ, ಸರ್?” ಎಂದೆ.

“ಕೊಟ್ಟಾಂವ ಪ್ಲಸ್ ಲೇ, ಕೊಟ್ಟಾಂವ ಪ್ಲಸ್!” ಹಣೆಗೆ ಇನ್ನೊಂದು ಪೆಟ್ಟು.

ಕೊನೆಗೆ ಕೆಳಗಿನಿಂದ ತಕ್ಕಡಿ ತರಿಸಿ ಎರಡೂ ತಟ್ಟೆಗೆ ಸಮನಾಗಿ ಬೆಲ್ಲದ ಚೂರು ಹಾಕಿದರು. “ಇದು ಸೋಡಿಯಂ. ಎಡಕ್ಕ ಪ್ರೋಟಾನ್, ಅವು ಪ್ಲಸ್. ಬಲಕ್ಕ ಎಲೆಕ್ಟ್ರಾನ್, ಅವು ಮೈನಸ್. ಈಗ ಎರಡೂ ಸಮ. ಒಂದು ಎಲೆಕ್ಟ್ರಾನ್ ತಿನ್ನು, ಯಾವುದು ಹೆಚ್ಚಾತು ಹೇಳು.”

ನಾನು ಕೈಗೆ ಹತ್ತಿರವಿದ್ದ ಎಡಗಡೆಯ ಚೂರನ್ನೇ ಬಾಯಿಗೆ ಹಾಕಿಕೊಂಡೆ.

“ಪ್ರೋಟಾನ್ ತಿಂದ್ಯಲ್ಲೋ! ಒಂದು ಪ್ರೋಟಾನ್ ಕಡಿಮಿ ಆಗಿ ಸೋಡಿಯಂ ಹೋಗಿ ನಿಯಾನ್ ಆತಲ್ಲೋ! ಉಗುಳಲೇ!”

ಅಷ್ಟರಲ್ಲಿ ನುಂಗಿಬಿಟ್ಟಿದ್ದೆ.

ಮರುಪರೀಕ್ಷೆಯಲ್ಲಿ ಪಾಸಾದೆ. ಸುದ್ದಿ ಹೇಳಲು ಓಡಿದರೆ ಮಾಸ್ತರರು ನಂಬಲಿಲ್ಲ. ಮತ್ತೆ ತಕ್ಕಡಿ ತರಿಸಿ, ಎರಡೂ ತಟ್ಟೆ ತುಂಬಿ, “ಲೋಹ ಕೊಡೂದನ್ನ ತಿನ್ನು” ಎಂದರು.

ಬಲಗಡೆಯ ಚೂರು ಎತ್ತಿಕೊಂಡೆ. ಎಡಗಡೆಯ ತಟ್ಟೆ ಕೆಳಗಿಳಿಯಿತು.

“ಪ್ಲಸ್ ಹೆಚ್ಚಾತ್ರಿ, ಸರ್.”

ಅಭ್ಯಾಸದಂತೆ ಅವರ ಕೈ ಹಣೆಯತ್ತ ಹೋಯಿತು. ಆದರೆ ಬಡಿಯಲಿಲ್ಲ, ಮೆಲ್ಲಗೆ ವಿಭೂತಿ ಒರೆಸಿಕೊಂಡಿತು.

“ಈಗ ಪಾಸಾದಿ ನೋಡಲೇ” ಎಂದರು.